ಅತೃಪ್ತಿಗೊಂದು ವಿಳಾಸ: ಎಂಜಿನಿಯರಿಂಗ್ ಕಾಲೇಜುಗಳ ಫೀಡ್‌ಬ್ಯಾಕ್ ಅಳೆಯುವುದೇನನ್ನು?

ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆಲ್ಲ ಅಧ್ಯಾಪಕರ ಪಾಠದ ಬಗ್ಗೆ ಅಭಿಪ್ರಾಯ ಕೇಳುವ ಫೀಡ್‌ಬ್ಯಾಕ್ ಫಾರಂ ಗೊತ್ತು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಾಲೇಜಿನ ಪೋರ್ಟಲ್‌ಗೆ ತಮ್ಮ ನೋಂದಣಿ ಸಂಖ್ಯೆಯಾದ ಯುಎಸ್‌ಎನ್ ಹಾಕಿ ಲಾಗಿನ್ ಆಗಿ, ಆರೇಳು ವಿಷಯಗಳಿಗೆ ತಲಾ ಹತ್ತು ಹದಿನೈದು ಪ್ರಶ್ನೆಗಳಂತೆ, ಒಂದರಿಂದ ಐದರೊಳಗೆ ಅಂಕ ಕೊಡುತ್ತ ಹೋಗಬೇಕು. ಕೆಲವು ಕಾಲೇಜುಗಳಲ್ಲಿ ಇದನ್ನು ತುಂಬದೆ ಹಾಲ್ ಟಿಕೆಟ್ ಕೈಗೆ ಬರುವುದಿಲ್ಲ. ಹೀಗಾಗಿ ಮೊದಲ ವಿಷಯಕ್ಕೆ ಒಂದಿಷ್ಟು ಯೋಚಿಸಿ ಉತ್ತರಿಸಿದವರೂ ಮೂರನೆಯದಕ್ಕೆ ಬರುವಷ್ಟರಲ್ಲಿ ನಾಲ್ಕು, ನಾಲ್ಕು, ನಾಲ್ಕು ಎಂದು ಒತ್ತಿ ಮುಗಿಸುತ್ತಾರೆ. ಆ ಅಂಕಗಳ ಸರಾಸರಿ ತೆಗೆದು, ಬಣ್ಣದ ನಕ್ಷೆ ಮಾಡಿ, ‘ವಿದ್ಯಾರ್ಥಿಗಳ ತೃಪ್ತಿ’ ಎಂಬ ಹೆಸರಿನಲ್ಲಿ ಮಾನ್ಯತಾ ಸಮಿತಿಯ ಎದುರು ಇಡಲಾಗುತ್ತದೆ. ಈ ಸಂಖ್ಯೆ ಸುಳ್ಳು ಎಂದು ಹೇಳುವುದು ಸುಲಭ. ಆದರೆ ಅದು ಪೂರ್ತಿ ಸುಳ್ಳಲ್ಲ. ಅದು ಏನನ್ನೋ ಅಳೆಯುತ್ತದೆ, ಆದರೆ ಅಳೆದದ್ದು ಯಾರ ಕೆಲಸವನ್ನು ಎಂಬುದನ್ನು ಮಾತ್ರ ಹೇಳುವುದಿಲ್ಲ. ನಮ್ಮ ವ್ಯವಸ್ಥೆಯ ಮುಖ್ಯ ದೋಷ ಅಲ್ಲೇ ಇದೆ.

ಈ ಲೆಕ್ಕ ಕೇಳುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಬೆಂಗಳೂರಿನ ನಾಗರಭಾವಿಯಲ್ಲಿ ಕೇಂದ್ರ ಕಚೇರಿ ಇರುವ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್ 2017ರಲ್ಲಿ ತನ್ನ ಮೌಲ್ಯಮಾಪನ ಪದ್ಧತಿಯನ್ನು ಪರಿಷ್ಕರಿಸಿದಾಗ ವಿದ್ಯಾರ್ಥಿಗಳ ತೃಪ್ತಿ ಸಮೀಕ್ಷೆಯನ್ನು ಅದರ ಭಾಗವಾಗಿಸಿತು. ವಿಶ್ವವಿದ್ಯಾಲಯಗಳಿಗೆ ಒಟ್ಟು 1000 ಅಂಕಗಳಲ್ಲಿ 50 ಅಂಕ ಈ ಸಮೀಕ್ಷೆಯದು. ಎಂಜಿನಿಯರಿಂಗ್ ವಿಭಾಗಗಳಿಗೆ ಪ್ರತ್ಯೇಕವಾಗಿ ಮಾನ್ಯತೆ ಕೊಡುವ ಎನ್‌ಬಿಎ ಕೂಡ ಫೀಡ್‌ಬ್ಯಾಕ್‌ನ ವಿಶ್ಲೇಷಣೆ ಮತ್ತು ಅದರ ಮೇಲೆ ಕೈಗೊಂಡ ಕ್ರಮಗಳ ದಾಖಲೆಯನ್ನು ಕೇಳುತ್ತದೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮನ್ನಿಸುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರ ಜೂನ್‌ನಲ್ಲಿ ಕಾಯಂ ಸದಸ್ಯನಾದ ಮೇಲೆ ಎನ್‌ಬಿಎ ಮುದ್ರೆಯ ಬೆಲೆ ಹೆಚ್ಚಿತು, ಅದರೊಂದಿಗೆ ಈ ದಾಖಲೆಗಳ ಭಾರವೂ ಹೆಚ್ಚಿತು. ದೇಶದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ 2019ರಲ್ಲಿ ಹೊರಡಿಸಿದ ವೇತನ ಮತ್ತು ಬಡ್ತಿ ನಿಯಮಗಳಲ್ಲಿ ಅಧ್ಯಾಪಕರ ಸರ್ವಾಂಗೀಣ ಮೌಲ್ಯಮಾಪನದ 100 ಅಂಕಗಳ ಪೈಕಿ 25 ಅಂಕಗಳನ್ನು ವಿದ್ಯಾರ್ಥಿಗಳ ಫೀಡ್‌ಬ್ಯಾಕ್‌ಗೆ ಇಟ್ಟಿತು. ಹೀಗೆ ಒಂದೇ ಫಾರಂ ಮೂರು ಬಾಗಿಲುಗಳಿಗೆ ಹೋಗುತ್ತದೆ: ಸಂಸ್ಥೆಯ ಗ್ರೇಡು, ವಿಭಾಗದ ಮಾನ್ಯತೆ, ಅಧ್ಯಾಪಕರ ಬಡ್ತಿ. ಪಾಠವನ್ನು ಉತ್ತಮಪಡಿಸುವುದು ಇವುಗಳ ನಂತರ ಬರುವ ನಾಲ್ಕನೆಯ ಉದ್ದೇಶ, ಸಮಯ ಉಳಿದರೆ.

ನ್ಯಾಕ್‌ನ ಪ್ರಶ್ನಾವಳಿ ಚಿಕ್ಕದು. ಸೊನ್ನೆಯಿಂದ ನಾಲ್ಕರವರೆಗಿನ ಅಂಕಗಳ 20 ಪ್ರಶ್ನೆಗಳು, ಕೊನೆಗೆ ಸಲಹೆಗಳನ್ನು ಬರೆಯಲು 21ನೆಯ ಮುಕ್ತ ಪ್ರಶ್ನೆ. ವಿಶ್ವವಿದ್ಯಾಲಯವಾದರೆ ಒಟ್ಟು ವಿದ್ಯಾರ್ಥಿಗಳ ಶೇಕಡಾ 10ರಷ್ಟು ಅಥವಾ 500 ಮಂದಿ, ಕಾಲೇಜಾದರೆ ಶೇಕಡಾ 10 ಅಥವಾ 100 ಮಂದಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಉತ್ತರ ಬಂದರೆ ಸಾಕು. ಮೂರು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ನೂರು ಮಂದಿ ಉತ್ತರಿಸಿದರೂ ಸಮೀಕ್ಷೆ ಸಿಂಧು ಎಂದಾಯಿತು. ಬ್ರಿಟನ್ನಿನಲ್ಲಿ 2005ರಿಂದ ನಡೆಯುತ್ತಿರುವ ರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಅಲ್ಲಿ ಒಂದು ಕೋರ್ಸಿನ ಫಲಿತಾಂಶ ಪ್ರಕಟವಾಗಬೇಕಾದರೆ ಕೊನೆಯ ವರ್ಷದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟಾದರೂ ಉತ್ತರಿಸಿರಬೇಕು. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಗಮನಾರ್ಹ. 2023ರಲ್ಲಿ ಆ ಸಮೀಕ್ಷೆಯನ್ನು ಪರಿಷ್ಕರಿಸಿದಾಗ, ‘ಒಟ್ಟಾರೆ ನಿಮಗೆ ತೃಪ್ತಿಯಿದೆಯೇ’ ಎಂಬ ಪ್ರಶ್ನೆಯನ್ನೇ ಇಂಗ್ಲೆಂಡಿನ ಮಟ್ಟಿಗೆ ಕೈಬಿಡಲಾಯಿತು. ಅದುವರೆಗೆ ಪತ್ರಿಕೆಗಳ ತಲೆಬರಹವಾಗುತ್ತಿದ್ದ ಸಂಖ್ಯೆ ಅದು. ತೃಪ್ತಿಯನ್ನು ಅಳೆಯುವುದರಲ್ಲಿ ಹದಿನೆಂಟು ವರ್ಷ ಕಳೆದ ವ್ಯವಸ್ಥೆಯೊಂದು ತೃಪ್ತಿ ಎಂಬ ಒಂದೇ ಅಂಕಿಯನ್ನು ಬಿಟ್ಟುಕೊಟ್ಟದ್ದನ್ನು ನಮ್ಮ ಕಾಲೇಜುಗಳ ಐಕ್ಯುಎಸಿ (ಆಂತರಿಕ ಗುಣಮಟ್ಟ ಭರವಸೆ ಕೋಶ) ಕೊಠಡಿಗಳು ಅಷ್ಟಾಗಿ ಗಮನಿಸಿದಂತಿಲ್ಲ. ನ್ಯಾಕ್ ತಾನೇ 2024ರ ಜನವರಿಯಲ್ಲಿ, ಗ್ರೇಡುಗಳ ಬದಲು ಮಾನ್ಯತೆ ಉಂಟು ಅಥವಾ ಇಲ್ಲ ಎಂಬ ಎರಡೇ ಫಲಿತಾಂಶದ ಪದ್ಧತಿಗೆ ಹೊರಳುವುದಾಗಿ ಪ್ರಕಟಿಸಿದೆ. ಸಮೀಕ್ಷೆಯನ್ನು ಮತ್ತೆ ಕಟ್ಟಲು ಇದಕ್ಕಿಂತ ಒಳ್ಳೆಯ ಹೊತ್ತು ಬರಲಾರದು.

ಉತ್ತರಿಸುವವರ ಸ್ಥಿತಿಯನ್ನು ನೋಡೋಣ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯ ಮತ್ತು ಪರೀಕ್ಷಾ ಯೋಜನೆಯಾದ 2022ರ ಸ್ಕೀಮಿನಲ್ಲಿ ಒಂದು ಥಿಯರಿ ವಿಷಯದ ಅರ್ಧದಷ್ಟು ಅಂಕ, ಅಂದರೆ 100ರಲ್ಲಿ 50, ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನದ್ದು. ಅದರಲ್ಲಿ ಕನಿಷ್ಠ 20 ಬರದಿದ್ದರೆ ವಿದ್ಯಾರ್ಥಿ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಈ 50 ಅಂಕಗಳನ್ನು ಕೊಡುವವರೂ, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುವವರೂ, ಹಾಜರಾತಿ ಕಡಿಮೆಯಾದಾಗ ದಾರಿ ತೋರಿಸುವವರೂ ಫೀಡ್‌ಬ್ಯಾಕ್ ಫಾರಮಿನಲ್ಲಿ ಹೆಸರಿರುವ ಅಧ್ಯಾಪಕರೇ. ಲಾಗಿನ್‌ಗೆ ಯುಎಸ್‌ಎನ್ ಕೇಳಿದ ಮೇಲೆ ‘ನಿಮ್ಮ ಗುರುತನ್ನು ಗೌಪ್ಯವಾಗಿಡಲಾಗುವುದು’ ಎಂಬ ಸಾಲನ್ನು ನಂಬುವ ವಿದ್ಯಾರ್ಥಿಗಳು ಕಡಿಮೆ. ತಾಂತ್ರಿಕವಾಗಿ ಗೌಪ್ಯತೆ ಸಾಧ್ಯ: ಯಾರು ತುಂಬಿದರು ಎಂಬುದನ್ನು ಒಂದು ಪಟ್ಟಿಯಲ್ಲಿ, ಏನು ತುಂಬಿದರು ಎಂಬುದನ್ನು ಅದಕ್ಕೆ ಕೊಂಡಿಯೇ ಇಲ್ಲದ ಇನ್ನೊಂದು ಪಟ್ಟಿಯಲ್ಲಿ ಇಟ್ಟರೆ ಆಯಿತು. ಕಂಪ್ಯೂಟರ್ ಸೈನ್ಸ್ ವಿಭಾಗ ಇರುವ ಕಾಲೇಜಿಗೆ ಇದು ಕಷ್ಟದ ಕೆಲಸವಲ್ಲ. ಆದರೆ ಗೌಪ್ಯತೆ ಇದ್ದರಷ್ಟೇ ಸಾಲದು, ಅದು ಇದೆ ಎಂದು ಉತ್ತರಿಸುವವರಿಗೆ ಮನವರಿಕೆಯಾಗಬೇಕು. ಅದಿಲ್ಲದಿರುವಾಗ ಬರುವ 4.2 ಎಂಬ ಸರಾಸರಿಯಲ್ಲಿ ಎಷ್ಟು ತೃಪ್ತಿ, ಎಷ್ಟು ಎಚ್ಚರಿಕೆ ಎಂದು ಬೇರ್ಪಡಿಸಲು ಯಾವ ಸಾಫ್ಟ್‌ವೇರಿಗೂ ಆಗುವುದಿಲ್ಲ.

ಇನ್ನು ಸರಾಸರಿಯ ವಿಷಯ. 60 ಮಂದಿಯ ಒಂದು ತರಗತಿಯಲ್ಲಿ 30 ಜನ 3 ಅಂಕ, 30 ಜನ 4 ಅಂಕ ಕೊಟ್ಟರೆ ಸರಾಸರಿ 3.5. ಇನ್ನೊಂದು ತರಗತಿಯಲ್ಲಿ 30 ಜನ 5, ಉಳಿದ 30 ಜನ 2 ಕೊಟ್ಟರೂ ಸರಾಸರಿ ಅದೇ 3.5. ಮೊದಲನೆಯದು ಯಾರಿಗೂ ಉತ್ಸಾಹ ಹುಟ್ಟಿಸದ, ಯಾರನ್ನೂ ಕೈಬಿಡದ ಪಾಠ. ಎರಡನೆಯದರಲ್ಲಿ ಅರ್ಧ ತರಗತಿ ಮುಂದೆ ಸಾಗಿದೆ, ಅರ್ಧ ತರಗತಿ ಎಲ್ಲೋ ಹಿಂದೆ ನಿಂತಿದೆ. ಬಹುಶಃ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವರು ಒಂದು ಕಡೆ, ಪಿಯುಸಿಯಿಂದ ಬಂದವರು ಇನ್ನೊಂದು ಕಡೆ. ಇವೆರಡಕ್ಕೂ ಬೇಕಾದ ಪರಿಹಾರ ಬೇರೆ ಬೇರೆ, ಆದರೆ ವರದಿಯಲ್ಲಿ ಎರಡೂ ಒಂದೇ. ಅಷ್ಟಕ್ಕೂ ‘ಪರವಾಗಿಲ್ಲ’ ಮತ್ತು ‘ಚೆನ್ನಾಗಿದೆ’ ನಡುವಿನ ಅಂತರ, ‘ಚೆನ್ನಾಗಿದೆ’ ಮತ್ತು ‘ತುಂಬ ಚೆನ್ನಾಗಿದೆ’ ನಡುವಿನ ಅಂತರದಷ್ಟೇ ಎಂದು ಒಪ್ಪಿಕೊಂಡರೆ ಮಾತ್ರ ಈ ಅಂಕಗಳನ್ನು ಕೂಡಿ ಭಾಗಿಸುವುದಕ್ಕೆ ಅರ್ಥವಿದೆ. ದಶಮಾಂಶಗಳ ಮೇಲಿನ ಭಕ್ತಿ ಇದಕ್ಕಿಂತ ಅಪಾಯಕಾರಿ. ಉತ್ತರಗಳ ಹರವು ಸುಮಾರು ಒಂದು ಅಂಕದಷ್ಟಿದ್ದರೆ, ತಲಾ 60 ಉತ್ತರಗಳಿರುವ ಇಬ್ಬರು ಅಧ್ಯಾಪಕರ ಸರಾಸರಿಗಳ ನಡುವೆ 0.2ರಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿಯೇ ಬರಬಹುದು. 4.1 ಬಂದವರಿಗೆ ಪ್ರಶಂಸಾಪತ್ರ, 3.9 ಬಂದವರಿಗೆ ವಿವರಣೆ ಕೇಳುವ ಮೆಮೊ ಕೊಡುವ ಕಾಲೇಜು ಪಾಠವನ್ನು ಅಳೆಯುತ್ತಿಲ್ಲ. ಇದೇ ಕಾಲೇಜು ತನ್ನ ವಿದ್ಯಾರ್ಥಿಗಳಿಗೆ ಪ್ರಾಬಬಿಲಿಟಿ ಪಾಠ ಮಾಡುತ್ತದೆ ಎಂಬುದನ್ನೂ ಹೇಳಬೇಕು.

ತೃಪ್ತಿಗೂ ಕಲಿಕೆಗೂ ಇರುವ ಸಂಬಂಧವೇನು? ಇಲ್ಲಿ ಸಂಶೋಧನೆ ಸಾಕಷ್ಟು ಮುಂದುವರಿದಿದೆ, ಫಲಿತಾಂಶಗಳು ಹಿತಕರವಾಗಿಲ್ಲ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಯಾದೃಚ್ಛಿಕವಾಗಿ ಹಂಚಲಾಗುತ್ತದೆ, ಪರೀಕ್ಷೆ ಎಲ್ಲರಿಗೂ ಒಂದೇ. ಈ ಅನುಕೂಲವನ್ನು ಬಳಸಿಕೊಂಡು ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿದ ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ 2010ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಕ್ಯಾಲ್ಕುಲಸ್‌ನ ಮೊದಲ ಕೋರ್ಸಿನಲ್ಲಿ ಒಳ್ಳೆಯ ಫೀಡ್‌ಬ್ಯಾಕ್ ಪಡೆದ ಅಧ್ಯಾಪಕರ ವಿದ್ಯಾರ್ಥಿಗಳು ಆ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದರು, ಆದರೆ ಅದನ್ನೇ ಆಧರಿಸಿದ ಮುಂದಿನ ಕೋರ್ಸುಗಳಲ್ಲಿ ಹಿಂದೆ ಬಿದ್ದರು. ಹೆಚ್ಚು ಅನುಭವಿಗಳಾದ ಅಧ್ಯಾಪಕರ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಎಂಜಿನಿಯರಿಂಗ್ ಶಿಕ್ಷಣಕ್ಕೆ ಇದು ನೇರವಾಗಿ ತಟ್ಟುವ ಮಾತು, ಏಕೆಂದರೆ ನಮ್ಮಲ್ಲಿ ಪ್ರತಿಯೊಂದು ವಿಷಯವೂ ಹಿಂದಿನದರ ಮೇಲೆ ನಿಂತಿದೆ. ಮೂರನೇ ಸೆಮಿಸ್ಟರಿನ ಗಣಿತ ಗಟ್ಟಿಯಾಗಿದ್ದರೆ ಅದರ ಫಲ ಕಾಣುವುದು ಐದನೆಯ ಅಥವಾ ಆರನೆಯ ಸೆಮಿಸ್ಟರಿನ ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ, ಹೀಟ್ ಟ್ರಾನ್ಸ್‌ಫರ್‌ನಲ್ಲಿ. ಫೀಡ್‌ಬ್ಯಾಕ್ ತೆಗೆದುಕೊಳ್ಳುವುದು ಮಾತ್ರ ಮೂರನೆಯದರ ಕೊನೆಯ ವಾರದಲ್ಲಿ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದನ್ನೇ ಬೇರೆ ಕೋನದಿಂದ ಹೇಳಿತು. ತಾವೇ ಲೆಕ್ಕ ಬಿಡಿಸುತ್ತ, ಪಕ್ಕದವರೊಂದಿಗೆ ಚರ್ಚಿಸುತ್ತ ಕಲಿತ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವೆಂದು ಹೇಳಿದರು. ನಿರರ್ಗಳವಾದ ಉಪನ್ಯಾಸ ಕೇಳಿದವರಿಗೆ ಎಲ್ಲ ಅರ್ಥವಾದಂತೆ ಅನ್ನಿಸಿತ್ತು. ಕಲಿಯುವಾಗಿನ ಕಷ್ಟವನ್ನು ಮನಸ್ಸು ಕಲಿಸುವವರ ದೋಷವೆಂದು ಎಣಿಸುತ್ತದೆ. ಗಣಿತಪ್ರಧಾನ ವಿಷಯಗಳಿಗೆ ಈ ದಂಡ ಇನ್ನೂ ಜಾಸ್ತಿ: ಅಮೆರಿಕದ ವಿಶ್ವವಿದ್ಯಾಲಯವೊಂದರ 14 ಸಾವಿರಕ್ಕೂ ಹೆಚ್ಚು ತರಗತಿಗಳ ಮೌಲ್ಯಮಾಪನಗಳನ್ನು ನೋಡಿದ 2017ರ ಅಧ್ಯಯನವೊಂದು, ಸಂಖ್ಯೆಗಳೊಡನೆ ವ್ಯವಹರಿಸುವ ಕೋರ್ಸುಗಳ ಅಧ್ಯಾಪಕರಿಗೆ ಇತರರಿಗಿಂತ ಸ್ಪಷ್ಟವಾಗಿ ಕಡಿಮೆ ಅಂಕ ಬರುವುದನ್ನು ತೋರಿಸಿತು. ಇದರ ಮೇಲೆ ಲಿಂಗಭೇದವೂ ಇದೆ. 2015ರಲ್ಲಿ ಪ್ರಕಟವಾದ ಒಂದು ಚಿಕ್ಕ ಪ್ರಯೋಗದಲ್ಲಿ, ಆನ್‌ಲೈನ್ ಕೋರ್ಸಿನ ಅದೇ ಬೋಧಕರು ಹೆಣ್ಣಿನ ಹೆಸರಿನಲ್ಲಿ ಕಲಿಸಿದಾಗ ಗಂಡಿನ ಹೆಸರಿನಲ್ಲಿ ಕಲಿಸಿದಾಗಿನದಕ್ಕಿಂತ ಕಡಿಮೆ ಅಂಕ ಬಂತು. ಕೆಲಸವನ್ನು ಎಷ್ಟು ಬೇಗ ತಿದ್ದಿಕೊಟ್ಟರು ಎಂಬಂಥ, ಎರಡೂ ಕಡೆ ಒಂದೇ ಇದ್ದ ಸಂಗತಿಯಲ್ಲಿ ಕೂಡ. ಇಂಥ ಸಾಕ್ಷ್ಯಗಳನ್ನೆಲ್ಲ ಆಲಿಸಿದ ಮಧ್ಯಸ್ಥಗಾರರೊಬ್ಬರು 2018ರಲ್ಲಿ, ಟೊರಾಂಟೊದ ಅಂದಿನ ರಯರ್ಸನ್ ವಿಶ್ವವಿದ್ಯಾಲಯವು ಬೋಧನೆಯ ಗುಣಮಟ್ಟ ಅಳೆದು ಬಡ್ತಿ ಕೊಡಲು ವಿದ್ಯಾರ್ಥಿ ಮೌಲ್ಯಮಾಪನದ ಅಂಕಗಳನ್ನು ಬಳಸಕೂಡದೆಂದು ತೀರ್ಪಿತ್ತರು. ನಮ್ಮಲ್ಲಿ 25 ಅಂಕಗಳ ನಿಯಮ ಬಂದದ್ದು ಅದರ ಮರುವರ್ಷ.

ಹಾಗಾದರೆ ವಿದ್ಯಾರ್ಥಿಗಳನ್ನು ಕೇಳಲೇಬಾರದೇ? ಈ ಸಾಕ್ಷ್ಯಗಳನ್ನು ಮುಂದಿಟ್ಟುಕೊಂಡು ಫೀಡ್‌ಬ್ಯಾಕನ್ನೇ ತಳ್ಳಿಹಾಕಲು ಹೊರಡುವ ಅಧ್ಯಾಪಕರಿದ್ದಾರೆ, ಅವರ ವಾದವನ್ನು ಒಪ್ಪಲಾಗದು. ಒಂದು ಸೆಮಿಸ್ಟರ್ ಪೂರ್ತಿ ತರಗತಿಯಲ್ಲಿ ಕೂತ ಸಾಕ್ಷಿಗಳು ವಿದ್ಯಾರ್ಥಿಗಳು ಮಾತ್ರ. ತರಗತಿ ಸರಿಯಾದ ಸಮಯಕ್ಕೆ ಶುರುವಾಯಿತೇ, ಇಂಟರ್ನಲ್ಸ್ (ಕಾಲೇಜಿನ ಒಳಗಿನ ಪರೀಕ್ಷೆ) ಉತ್ತರಪತ್ರಿಕೆ ಯಾವಾಗ ವಾಪಸ್ ಬಂತು, ಪ್ರಶ್ನೆ ಕೇಳಿದಾಗ ಗದರಿಸಿದರೇ, ಹಿಂದಿನ ಬೆಂಚಿಗೆ ಬೋರ್ಡು ಕಾಣುತ್ತಿತ್ತೇ ಎಂಬುದನ್ನು ಅವರಷ್ಟು ನಿಖರವಾಗಿ ಬೇರೆ ಯಾರೂ ಹೇಳಲಾರರು. ‘ಅಧ್ಯಾಪಕರಿಗೆ ವಿಷಯದ ಮೇಲೆ ಪ್ರಭುತ್ವವಿದೆಯೇ’ ಎಂಬುದನ್ನು ಮಾತ್ರ ಅವರು ಹೇಳಲಾರರು. ಫ್ಲೂಯಿಡ್ ಮೆಕ್ಯಾನಿಕ್ಸನ್ನು ಮೊದಲ ಸಲ ಓದುತ್ತಿರುವವರು ಕಲಿಸುವವರ ಜ್ಞಾನದ ಆಳವನ್ನು ಅಳೆಯುವುದು ಹೇಗೆ? ಆದರೂ ಬಹಳಷ್ಟು ಕಾಲೇಜುಗಳ ಫಾರಮಿನಲ್ಲಿ ಮೊದಲ ಪ್ರಶ್ನೆಯೇ ಇದು. ನ್ಯಾಕ್‌ನ ಮೊದಲ ಪ್ರಶ್ನೆ ಈ ದೃಷ್ಟಿಯಿಂದ ಎಷ್ಟೋ ಮೇಲು: ಪಠ್ಯಕ್ರಮದ ಎಷ್ಟು ಭಾಗ ತರಗತಿಯಲ್ಲಿ ಮುಗಿಯಿತು ಎಂದು ಅದು ಶೇಕಡಾವಾರು ಕೇಳುತ್ತದೆ, ಉತ್ತರವನ್ನು ಬೇರೆ ದಾಖಲೆಗಳೊಂದಿಗೆ ಹೋಲಿಸಿ ನೋಡಬಹುದು. ಅದೇ ಪ್ರಶ್ನಾವಳಿ ಎಷ್ಟು ಅಧ್ಯಾಪಕರು ಎಲ್‌ಸಿಡಿ ಪ್ರೊಜೆಕ್ಟರಿನಂಥ ಸಾಧನ ಬಳಸುತ್ತಾರೆ ಎಂದೂ ಕೇಳುತ್ತದೆ. ಹೆಚ್ಚು ಬಳಸಿದಷ್ಟೂ ಹೆಚ್ಚು ಅಂಕ. ಬೋರ್ಡಿನ ಮೇಲೆ ಸಾಲು ಸಾಲಾಗಿ ಬಿಡಿಸಬೇಕಾದ ಡಿರೈವೇಶನ್ನನ್ನು ಪಿಪಿಟಿಯಲ್ಲಿ ಒಂದೇ ಕ್ಲಿಕ್ಕಿಗೆ ತೋರಿಸಿ ಮುಗಿಸುತ್ತಾರೆ ಎಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹಳೆಯ ದೂರು. ಆ ದೂರಿಗೆ ಕಾರಣವಾದದ್ದೇ ಇಲ್ಲಿ ಗುಣವಾಗಿ ಎಣಿಕೆಯಾಗುತ್ತಿದೆ.

ಇನ್ನು ವಿಳಾಸದ ಪ್ರಶ್ನೆ. ವಿಶ್ವವಿದ್ಯಾಲಯಕ್ಕೆ ಸೇರಿದ ಸಂಯೋಜಿತ ಕಾಲೇಜಿನಲ್ಲಿ ಪಠ್ಯಕ್ರಮ ಬರೆಯುವುದು ಬೆಳಗಾವಿಯ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ, ಕೊನೆಯ ಪ್ರಶ್ನೆಪತ್ರಿಕೆ ತೆಗೆಯುವುದು ವಿಶ್ವವಿದ್ಯಾಲಯ. ಲ್ಯಾಬಿಗೆ ಉಪಕರಣ ಕೊಳ್ಳುವುದು ಆಡಳಿತ ಮಂಡಳಿ. ಒಂದು ಬ್ಯಾಚಿಗೆ ಎಷ್ಟು ವಿದ್ಯಾರ್ಥಿಗಳು ಎಂದು ತೀರ್ಮಾನಿಸುವುದು ವಿಭಾಗದ ಮುಖ್ಯಸ್ಥರು, ಅದೂ ಪ್ರವೇಶದ ಸಂಖ್ಯೆ ಬಿಟ್ಟುಕೊಟ್ಟಷ್ಟರಲ್ಲಿ. ಐದು ಮಾಡ್ಯೂಲುಗಳನ್ನು ಕಡಿಮೆ ಕೆಲಸದ ದಿನಗಳಲ್ಲಿ ಮುಗಿಸಬೇಕಾದ ಒತ್ತಡ ಕ್ಯಾಲೆಂಡರಿನದು. ಇವೆಲ್ಲದರ ಬಗೆಗಿನ ಅಸಮಾಧಾನ ಫಾರಮಿನಲ್ಲಿ ಬಂದು ಬೀಳುವುದು ಒಂದೇ ಹೆಸರಿನ ಮೇಲೆ. ನಾಲ್ವರು ಒಂದು ಆಸಿಲೋಸ್ಕೋಪಿನ ಸುತ್ತ ನಿಂತು, ಇಬ್ಬರು ಮಾತ್ರ ಗುಂಡಿ ತಿರುಗಿಸಿದ ಲ್ಯಾಬಿಗೆ ವಿದ್ಯಾರ್ಥಿ ಎರಡು ಅಂಕ ಕೊಟ್ಟರೆ, ಆ ಎರಡು ಅಂಕ ಹೋಗುವುದು ಅಸಿಸ್ಟೆಂಟ್ ಪ್ರೊಫೆಸರರ ಸೇವಾ ಕಡತಕ್ಕೆ. ಉಪಕರಣ ಕೊಳ್ಳದವರ ಕಡತ ಬೇರೆ ಕಡೆ ಇದೆ. ಸ್ವಾಯತ್ತ ಕಾಲೇಜುಗಳಲ್ಲಿ ಪಠ್ಯಕ್ರಮವೂ ಪ್ರಶ್ನೆಪತ್ರಿಕೆಯೂ ಒಳಗೇ ಇರುವುದರಿಂದ ಈ ಅಂತರ ಕಡಿಮೆಯಾಗಬೇಕಿತ್ತು. ಹೆಚ್ಚಿನವು ಸಂಯೋಜಿತ ಕಾಲದ ಫಾರಮನ್ನೇ ಮುಂದುವರಿಸಿರುವುದರಿಂದ ಅದೂ ಆಗಿಲ್ಲ.

ನಿರೀಕ್ಷೆಯ ಪಾತ್ರವೂ ಚಿಕ್ಕದಲ್ಲ. ಗ್ರಾಹಕ ಸೇವೆಯ ಗುಣಮಟ್ಟ ಅಳೆಯಲು 1980ರ ದಶಕದಲ್ಲಿ ರೂಪುಗೊಂಡ ಸರ್ವ್‌ಕ್ವಾಲ್ ಎಂಬ ಮಾದರಿ ಗುಣಮಟ್ಟವನ್ನು ನಿರೀಕ್ಷೆಗೂ ಅನುಭವಕ್ಕೂ ನಡುವಿನ ಅಂತರವೆಂದು ಕಂಡಿತು. ಬ್ಯಾಂಕುಗಳಿಗೆ ಹೊಂದಿದ ಆ ಮಾದರಿಯನ್ನು ಕಾಲೇಜುಗಳಿಗೂ ಅನ್ವಯಿಸುವವರು ಇಂದಿಗೂ ಇದ್ದಾರೆ. ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಬಯಸಿ ಸಿವಿಲ್ ಸಿಕ್ಕವರ ಅಂತರ ಮೊದಲ ದಿನವೇ ತೆರೆದುಕೊಂಡಿರುತ್ತದೆ. ಅದನ್ನು ಸರ್ವೇಯಿಂಗ್ ಅಧ್ಯಾಪಕರು ತುಂಬಿಕೊಡಲಾರರು. ಕೊನೆಯ ವರ್ಷದಲ್ಲಿ ಪ್ಲೇಸ್‌ಮೆಂಟಿನ ಗಾಳಿ ಎಲ್ಲ ಉತ್ತರಗಳನ್ನೂ ತನ್ನ ಕಡೆಗೆ ಬಾಗಿಸುತ್ತದೆ: ಐಟಿ ಕಂಪನಿಗಳು ನೇಮಕಾತಿ ಕಡಿಮೆ ಮಾಡಿದ ವರ್ಷ ಗ್ರಂಥಾಲಯದ ಅಂಕವೂ ಇಳಿದರೆ ಆಶ್ಚರ್ಯಪಡಬೇಕಿಲ್ಲ. ಹೀಗಾಗಿ ಬೇರೆ ಬೇರೆ ಬ್ರ್ಯಾಂಚುಗಳನ್ನು, ಬೇರೆ ಬೇರೆ ವರ್ಷಗಳನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಇಡುವುದರಲ್ಲಿ ಅರ್ಥವಿಲ್ಲ. ಒಂದು ಕೋರ್ಸನ್ನು ಅದೇ ಕೋರ್ಸಿನ ಹಿಂದಿನ ಮೂರು ನಾಲ್ಕು ವರ್ಷಗಳೊಂದಿಗೆ ಹೋಲಿಸಿದರೆ ಒಂದಿಷ್ಟು ಸತ್ಯ ಸಿಗಬಹುದು.

ಎನ್‌ಬಿಎ ಪದ್ಧತಿಯಲ್ಲಿ ಇನ್ನೊಂದು ವಿಚಿತ್ರವಿದೆ. ಕಲಿಕಾ ಫಲಿತಗಳ, ಅಂದರೆ ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಬಂದಿರಬೇಕಾದ ಸಾಮರ್ಥ್ಯಗಳ ಸಾಧನೆ ಲೆಕ್ಕ ಹಾಕುವಾಗ ಪರೀಕ್ಷೆಯ ಅಂಕಗಳಿಗೆ ಸಾಮಾನ್ಯವಾಗಿ 80 ಪಾಲು, ಸಮೀಕ್ಷೆಗಳಂಥ ಪರೋಕ್ಷ ಸಾಧನಗಳಿಗೆ 20 ಪಾಲು ಕೊಡುತ್ತಾರೆ. ಕೋರ್ಸಿನ ಕೊನೆಯಲ್ಲಿ ‘ಈ ಫಲಿತವನ್ನು ನೀವು ಎಷ್ಟರ ಮಟ್ಟಿಗೆ ಸಾಧಿಸಿದ್ದೀರಿ’ ಎಂದು ವಿದ್ಯಾರ್ಥಿಗಳನ್ನೇ ಕೇಳುವ ಕಾಲೇಜುಗಳಿವೆ. ಇಂಟರ್ನಲ್ಸ್‌ನಲ್ಲಿ 50ಕ್ಕೆ 11 ಬಂದವರೂ ‘ಹೆಚ್ಚು’ ಎಂದು ಗುರುತು ಹಾಕುತ್ತಾರೆ, 45 ಬಂದವರೂ ಹಾಕುತ್ತಾರೆ. ಪರೀಕ್ಷೆಯಲ್ಲಿ ಕುಸಿದ ಸಾಧನೆಯ ಮಟ್ಟವನ್ನು ಮೇಲೆತ್ತಲು ಈ 20 ಪಾಲು ಚೆನ್ನಾಗಿ ಒದಗುತ್ತದೆ ಎಂಬುದು ಕಡತ ತಯಾರಿಸಿದ ಎಲ್ಲರಿಗೂ ತಿಳಿದ ಗುಟ್ಟು. ತೃಪ್ತಿ ಇಲ್ಲಿ ಕಲಿಕೆಯ ವೇಷ ಹಾಕಿಕೊಂಡು ಬಂದಿದೆ.

ಬದಲಾವಣೆ ಮಾಡುವುದಾದರೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಮೊದಲ ಇಂಟರ್ನಲ್ಸ್ ಮುಗಿದ ವಾರ, ಅಂದರೆ ಸೆಮಿಸ್ಟರ್ ಇನ್ನೂ ಕೈಯಲ್ಲಿರುವಾಗಲೇ, ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ ಕೇಳಬಹುದು: ಈ ತರಗತಿಯಲ್ಲಿ ನಿಮಗೆ ನೆರವಾಗುತ್ತಿರುವುದೇನು, ಅಡ್ಡಿಯಾಗುತ್ತಿರುವುದೇನು. ಅದು ಅಧ್ಯಾಪಕರ ಕೈಗೆ ಮಾತ್ರ ಹೋಗಬೇಕು, ಕಡತಕ್ಕಲ್ಲ. ಮುಂದಿನ ತರಗತಿಯಲ್ಲಿ ಅವರು ಯಾವುದನ್ನು ಬದಲಿಸುತ್ತೇನೆ, ಯಾವುದನ್ನು ಬದಲಿಸುವುದಿಲ್ಲ, ಏಕೆ ಎಂದು ಐದು ನಿಮಿಷ ಹೇಳಿದರೆ, ಉತ್ತರಿಸಿದವರಿಗೇ ಅದರ ಫಲ ಸಿಗುತ್ತದೆ. ಕೊನೆಯ ವಾರದ ಫಾರಮಿನಿಂದ ಲಾಭವೇನಾದರೂ ಆದರೆ ಅದು ಜೂನಿಯರ್‌ಗಳಿಗೆ. ಉತ್ತರದಲ್ಲಿ ಆಸಕ್ತಿ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ. ಸೆಮಿಸ್ಟರ್ ಕೊನೆಯ ಸಮೀಕ್ಷೆ ಇರಲಿ, ಆದರೆ ಪಾಠ, ಪಠ್ಯಕ್ರಮ, ಲ್ಯಾಬ್, ಮೌಲ್ಯಮಾಪನ ಎಂದು ಬೇರೆ ಬೇರೆ ಭಾಗಗಳಾಗಿ, ಪ್ರತಿ ಭಾಗದ ಫಲಿತಾಂಶ ಅದನ್ನು ಬದಲಿಸುವ ಅಧಿಕಾರ ಇರುವವರಿಗೆ ಹೋಗುವಂತೆ ಇರಲಿ. ಸರಾಸರಿಯ ಬದಲು ಎಷ್ಟು ಮಂದಿ ಯಾವ ಉತ್ತರ ಕೊಟ್ಟರು ಎಂಬ ಹಂಚಿಕೆಯನ್ನೂ, ಎಷ್ಟು ಮಂದಿ ಉತ್ತರಿಸಲಿಲ್ಲ ಎಂಬುದನ್ನೂ ತೋರಿಸಲಿ. ಮುಕ್ತ ಪ್ರಶ್ನೆಗೆ ಕನ್ನಡದಲ್ಲಿಯೂ ಬರೆಯಬಹುದೆಂದು ಫಾರಮಿನಲ್ಲೇ ಹೇಳಲಿ. ಇಂಗ್ಲಿಷಿನಲ್ಲಿ ‘ಗುಡ್’ ಎಂದಷ್ಟೇ ಬರೆದು ಬಿಡುವ ಕೈಗಳು ಕನ್ನಡದಲ್ಲಿ ನಾಲ್ಕು ಸಾಲು ಬರೆದಾವು.

ಪಠ್ಯಕ್ರಮದ ಭಾಗ ಬೆಳಗಾವಿಗೆ ತಲುಪಿದರೂ ಅಲ್ಲಿ ಅದಕ್ಕಾಗಿ ಕಾಯುವವರಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ವಿಟಿಯು ಸ್ಕೀಮುಗಳು ಬಂದ ವರ್ಷಗಳನ್ನು ಸಾಲಾಗಿ ಬರೆದು ನೋಡಿ: 2015, 2017, 2018, 2021, 2022, 2025. ಬಿಇ ಮುಗಿಸಲು ನಾಲ್ಕು ವರ್ಷ ಬೇಕು. 2018ರ ಸ್ಕೀಮಿನಲ್ಲಿ ಸೇರಿದ ಮೊದಲ ಬ್ಯಾಚು ಹೊರಬಂದು, ನಾಲ್ಕು ವರ್ಷಗಳ ಪಠ್ಯ ಹೇಗಿತ್ತೆಂದು ಹೇಳಬಲ್ಲ ಸ್ಥಿತಿಗೆ ತಲುಪಿದ್ದು 2022ರಲ್ಲಿ. ಅಷ್ಟರಲ್ಲಿ 2021ರ ಸ್ಕೀಮು ಬಂದು ಒಂದು ವರ್ಷವಾಗಿತ್ತು, 2022ರದು ಬಾಗಿಲಿಗೆ ಬಂದಿತ್ತು. 2022ರಲ್ಲಿ ಸೇರಿದವರು ಕೋರ್ಸ್ ಮುಗಿಸುವ ವರ್ಷ 2026. 2025ರ ಸ್ಕೀಮು ಅವರ ಎಕ್ಸಿಟ್ ಸರ್ವೆಗೆ ಕಾಯಲಿಲ್ಲ. ಎಐಸಿಟಿಇ ಮಾದರಿ ಪಠ್ಯಕ್ರಮ, ರಾಷ್ಟ್ರೀಯ ಶಿಕ್ಷಣ ನೀತಿ ಹೀಗೆ ಸ್ಕೀಮು ಬದಲಾಗಲು ಮೇಲಿನಿಂದ ಬಂದ ಕಾರಣಗಳು ಹಲವು ಇದ್ದವು. ಹಳೆಯದನ್ನು ಪೂರ್ತಿ ಓದಿ ಮುಗಿಸಿದವರ ಮಾತು ಆ ಕಾರಣಗಳಲ್ಲಿ ಒಂದಾಗಿರಲು ಕಾಲದ ಲೆಕ್ಕದಲ್ಲೇ ಸಾಧ್ಯವಿರಲಿಲ್ಲ. ಮುಂದಿನ ಸ್ಕೀಮಿನ ಕರಡನ್ನು ಅಧ್ಯಯನ ಮಂಡಳಿಗಳ ಮುಂದಿಡುವಾಗ, ಈಗಿನ ಸ್ಕೀಮಿನ ಪ್ರತಿ ಕೋರ್ಸಿನ ಬಗ್ಗೆ ಕನಿಷ್ಠ ಒಂದು ಪೂರ್ಣ ಬ್ಯಾಚಿನ ಅಭಿಪ್ರಾಯವನ್ನೂ ಅದೇ ಕಡತದಲ್ಲಿ ಲಗತ್ತಿಸಬೇಕೆಂದು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಬಹುದು. ಆ ಲಗತ್ತು ಸಿದ್ಧವಾಗುವವರೆಗೆ ಕರಡು ಮುಂದಕ್ಕೆ ಹೋಗಬಾರದು.